ಆಟದಲ್ಲಿ ನಾನು ಅಕ್ಕ, ಮನೆಯಲ್ಲಿ ಮೀಸೆ ಇರುವ ಲೆಕ್ಕಿಗ. ಈಗ ಒಂದು ಇಳಕಲ್ ಸೀರೆ ಬರಲಿದೆ

ಲೆಕ್ಕದ ಪುಸ್ತಕ | ಶನಿವಾರ, ರಾತ್ರಿ 11:10

ನಗುವವರು ಮೊದಲೇ ನಕ್ಕುಬಿಡಿ. ನನಗೆ ವಯಸ್ಸು 43. ಶಿವಮೊಗ್ಗದಲ್ಲಿ ಸಹಕಾರ ಸಂಘವೊಂದರ ಲೆಕ್ಕ ಬರೆಯುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಹೊತ್ತು ಕಳೆಯಲು ಒಂದು ಆನ್‌ಲೈನ್ ಆಟಕ್ಕೆ ಸೇರಿಕೊಂಡೆ. ಆಟದ ಹೆಸರು ಬೇಡ, ಗುರುತು ಸಿಕ್ಕೀತು. ಪಾತ್ರ ಆರಿಸಿಕೊಳ್ಳುವಾಗ ಹೆಣ್ಣು ಪಾತ್ರ ಆರಿಸಿಕೊಂಡೆ. ಇದಕ್ಕೆ ಘನವಾದ ಕಾರಣವೇನೂ ಇಲ್ಲ. ಗಂಡು ಪಾತ್ರಗಳೆಲ್ಲ ಅಡಿಕೆ ಮೂಟೆಗೆ ಕವಚ ತೊಡಿಸಿದಂತಿದ್ದವು, ಈಕೆಯ ಹಸಿರು ನಿಲುವಂಗಿ ಚೆನ್ನಾಗಿತ್ತು, ಅಷ್ಟೇ. ಕೆಲಸ ಹೀಲರ್‌ನದು. ಉಳಿದವರು ಹೊಡೆದಾಡುತ್ತಾರೆ, ನಾನು ಹಿಂದೆ ನಿಂತು ಅವರ ಜೀವ ಕಾಯುತ್ತೇನೆ.

ನಮ್ಮ ಗಿಲ್ಡ್‌ನಲ್ಲಿ, ಅಂದರೆ ಜೊತೆಯಾಗಿ ಆಡುವ ತಂಡದಲ್ಲಿ, ಮೂವತ್ತು ಜನ. ನೀವು ಹೆಂಗಸೇ ಎಂದು ಯಾರೂ ಕೇಳಲಿಲ್ಲ, ಅಲ್ಲ ಎಂದು ನಾನೂ ಹೇಳಲಿಲ್ಲ. ಮೈಕ್ ಒಂದು ದಿನವೂ ಹಾಕಿಲ್ಲ. ಯಾರಾದರೂ ಒತ್ತಾಯಿಸಿದರೆ 'ಮಗು ಮಲಗಿದೆ' ಎಂದು ಬರೆಯುತ್ತಿದ್ದೆ. ಆ ಮಗು ಈಗ ಒಂಬತ್ತನೇ ತರಗತಿ.

ಕಚೇರಿಯಲ್ಲಿ ನಾನು ಸಿಡುಕ ಎಂದು ಹೆಸರಾದವನು. ವೋಚರಿನಲ್ಲಿ ಸಹಿ ಒಂದು ಗೆರೆ ಆಚೆ ಹೋಗಿದ್ದರೂ ವಾಪಸ್ ಎಸೆಯುತ್ತೇನೆ. ಆಟದಲ್ಲಿ ಮಾತ್ರ 'ಊಟವಾಯಿತೇ, ನಿದ್ದೆಗೆಡಬೇಡಿ' ಎಂದು ಕೇಳುವ ಹೆಂಗಸು. ನಟಿಸುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಿದ್ದಿಲ್ಲ. ಮಾತು ತಾನಾಗಿ ಹಾಗೆ ಬರುತ್ತದೆ.

ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಒಬ್ಬ ಎಂಜಿನಿಯರಿಂಗ್ ಹುಡುಗ ಸೇರಿಕೊಂಡ. ಎರಡು ವಿಷಯ ಉಳಿಸಿಕೊಂಡಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಒಂದು ರಾತ್ರಿ ಒಂದು ಗಂಟೆಗೆ ನನಗೆ ಹೇಳಿದ. ಬೆಳಗಿನವರೆಗೆ ಅವನ ಜೊತೆ ಕೂತು ಬರೆದೆ. ಆಮೇಲೆ ದಿನವೂ ಅಕ್ಕ, ಅಕ್ಕ. ಈಗ ಪಾಸಾಗಿ ಕೆಲಸಕ್ಕೂ ಸೇರಿದ್ದಾನೆ. ಮೊನ್ನೆ ಬರೆದಿದ್ದಾನೆ: 'ಮೊದಲ ಸಂಬಳದಲ್ಲಿ ಅವ್ವನಿಗೆ ಒಂದು, ನಿಮಗೆ ಒಂದು ಇಳಕಲ್ ಸೀರೆ ತಂದಿದ್ದೇನೆ. ವಿಳಾಸ ಕಳಿಸಿ ಅಕ್ಕ.'

ಎರಡು ದಿನದಿಂದ ಆಟ ತೆರೆದಿಲ್ಲ. ನಾನು ಅವನಿಗೆ ಮೋಸ ಮಾಡಿದೆನೇ? ಇನ್ನೊಂದು, ಸ್ವಲ್ಪ ನಾಚಿಕೆಯಿಂದಲೇ ಕೇಳುತ್ತಿದ್ದೇನೆ: ಆ ಹೆಂಗಸು ಯಾರು?

ಅರ್ಧ ಲೋಟ ಕಾಫಿ | 11:14

ಸೀರೆಯ ಬಣ್ಣ ಯಾವುದು? ಅದನ್ನು ತಿಳಿಯದೆ ಸಲಹೆ ಕೊಡುವುದು ಕಷ್ಟ.

ನೇರ ಮಾತು | 11:21

ಮಾಡಿದ್ದೀರಿ. ಹಸಿರು ನಿಲುವಂಗಿ ತೊಟ್ಟದ್ದು ಮೋಸವಲ್ಲ, 'ಮಗು ಮಲಗಿದೆ' ಎಂದದ್ದು ಮೋಸ. ಒಂದು ಸಲ ಬರೆದಿದ್ದರೆ ನೆಪ ಎನ್ನಬಹುದಿತ್ತು, ಐದು ವರ್ಷ ಬರೆದದ್ದಕ್ಕೆ ಬೇರೆ ಹೆಸರಿದೆ. ಹುಡುಗ ಅಕ್ಕನೆಂದು ನಂಬಿ ಹೇಳಿಕೊಂಡದ್ದನ್ನು ನೀವು ಯಾರಾಗಿ ಕೇಳಿಸಿಕೊಂಡಿರಿ?

ತುಂಗಾ ಸೇತುವೆ | 11:30

ಅಯ್ಯೋ, ಆಟಕ್ಕೆ ಇಷ್ಟು ನ್ಯಾಯಾಲಯವೇ? ಚದುರಂಗದಲ್ಲಿ ರಾಣಿಯನ್ನು ನಡೆಸಿದವನ ಮೇಲೆ ಯಾರಾದರೂ ದೂರು ಕೊಟ್ಟಿದ್ದಾರೆಯೇ? ಪಾತ್ರ ಪಾತ್ರವೇ. ಹುಡುಗನಿಗೆ ಒಳ್ಳೆಯದಾಗಿದೆ, ಎರಡು ವಿಷಯ ಪಾಸಾಗಿದ್ದಾನೆ. ನಿಮ್ಮ ತಂಗಿಯ ವಿಳಾಸ ಕೊಟ್ಟು ಸುಮ್ಮನಿದ್ದುಬಿಡಿ.

ನೇರ ಮಾತು | 11:33

ತಂಗಿಯ ವಿಳಾಸ! ಒಂದು ಸುಳ್ಳು ಸಾಲದು, ಸಂಸಾರ ಸಮೇತ ಹೇಳಿ ಎನ್ನುತ್ತಿದ್ದೀರಿ. ಚದುರಂಗದ ರಾಣಿ ರಾತ್ರಿ ಒಂದು ಗಂಟೆಗೆ ಯಾರ ಕಣ್ಣೀರನ್ನೂ ಒರೆಸುವುದಿಲ್ಲ ಸ್ವಾಮಿ.

ಪ್ರಯೋಗ ಪಾಠ | 11:58

ನಾನು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತೇನೆ. ಮೊದಲ ಪ್ರಶ್ನೆಯನ್ನು ನೇರ ಮಾತು ಅವರಿಗೇ ಬಿಡುತ್ತೇನೆ. ಎರಡನೆಯದಕ್ಕೆ ಒಂದು ಹೆಸರಿದೆ: ಪ್ರೋಟಿಯಸ್ ಪರಿಣಾಮ, ಅಂದರೆ ತೊಟ್ಟ ರೂಪಕ್ಕೆ ತಕ್ಕಂತೆ ನಮ್ಮ ನಡೆಯೂ ಬದಲಾಗುವುದು. ಪ್ರೋಟಿಯಸ್ ಎಂದರೆ ಬೇಕಾದ ರೂಪ ತಾಳಬಲ್ಲ ಗ್ರೀಕ್ ಸಮುದ್ರದೇವತೆ.

2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ವಿದ್ಯಾರ್ಥಿಗಳ ತಲೆಗೆ ವಿ.ಆರ್. ಸಾಧನ (ಕಣ್ಣೆದುರು ಕಾಲ್ಪನಿಕ ಲೋಕ ತೋರಿಸುವಂಥದ್ದು) ತೊಡಿಸಿ, ಆ ಕಾಲ್ಪನಿಕ ಕೋಣೆಯಲ್ಲಿ ಒಂದು ಕನ್ನಡಿಯ ಮುಂದೆ ನಿಲ್ಲಿಸಿದರು. ಕನ್ನಡಿಯಲ್ಲಿ ಕೆಲವರಿಗೆ ಚೆಲುವಾದ ಮುಖ ಕಂಡಿತು, ಕೆಲವರಿಗೆ ಅಷ್ಟೇನೂ ಚೆಲುವಲ್ಲದ್ದು. ಆಮೇಲೆ ಒಬ್ಬ ಅಪರಿಚಿತರ ಜೊತೆ ಮಾತಿಗೆ ಬಿಟ್ಟರು. ಚೆಲುವಾದ ಮುಖ ಸಿಕ್ಕವರು ಹೆಚ್ಚು ಹತ್ತಿರ ಹೋಗಿ ನಿಂತರು, ತಮ್ಮ ಬಗ್ಗೆ ಹೆಚ್ಚು ಹೇಳಿಕೊಂಡರು. ಇನ್ನೊಂದು ಪ್ರಯೋಗದಲ್ಲಿ ಬದಲಾಯಿಸಿದ್ದು ಎತ್ತರ. 100 ಡಾಲರ್ ಹಂಚಿಕೊಳ್ಳುವ ಆಟ. ಎದುರಿನವರು 'ನನಗೆ 75, ನಿನಗೆ 25' ಎಂದಾಗ, ಗಿಡ್ಡ ದೇಹ ಸಿಕ್ಕವರು ಉಳಿದವರಿಗಿಂತ ಸುಮಾರು ಎರಡರಷ್ಟು ಹೆಚ್ಚಾಗಿ ಒಪ್ಪಿಕೊಂಡರು. ಈ ಪಾಠ ಮಾಡುವಾಗ ತರಗತಿಯಲ್ಲಿ ಎಲ್ಲರೂ ನಗುತ್ತಾರೆ, ಮುಂದಿನ ಬೆಂಚಿನ ಕುಳ್ಳ ಹುಡುಗರನ್ನು ಬಿಟ್ಟು.

ಆದ್ದರಿಂದ ಹೀಲರ್‌ನ ಹಸಿರು ನಿಲುವಂಗಿ ತೊಟ್ಟವರು 'ಊಟವಾಯಿತೇ' ಎಂದು ಕೇಳುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಮೂರನೇ ಪ್ಲಾಟ್‌ಫಾರ್ಮ್ | ಭಾನುವಾರ, ಬೆಳಿಗ್ಗೆ 6:40

ಇದರಲ್ಲಿ ಹೊಸದೇನು ಮೇಷ್ಟ್ರೇ? ಚೆಲುವರನ್ನು ಜಗತ್ತು ಚೆನ್ನಾಗಿ ಮಾತನಾಡಿಸುತ್ತದೆ, ಅದಕ್ಕೇ ಅವರಿಗೆ ಧೈರ್ಯ ಬರುತ್ತದೆ. ಲೆಕ್ಕಿಗರನ್ನೂ ಎಲ್ಲರೂ ಅಕ್ಕ ಎಂದು ಕರೆದದ್ದರಿಂದ ಅವರು ಅಕ್ಕನಾದರು. ಬದಲಾಯಿಸಿದ್ದು ಜನ, ಬಟ್ಟೆಯಲ್ಲ.

ಪ್ರಯೋಗ ಪಾಠ | 7:15

ಆ ಅನುಮಾನ ಅವರಿಗೂ ಇತ್ತು. ಅದಕ್ಕೇ ಎದುರಿನವರ ಕಣ್ಣಿಗೆ ವ್ಯತ್ಯಾಸ ಕಾಣದಂತೆ ಏರ್ಪಾಡು ಮಾಡಿದ್ದರು. ಯಾರಿಗೆ ಚೆಲುವು ಸಿಕ್ಕಿದೆ, ಯಾರಿಗೆ ಇಲ್ಲ ಎಂಬುದು ಎದುರಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಕನ್ನಡಿ ನೋಡಿಕೊಂಡವರಿಗೆ ಮಾತ್ರ ಗೊತ್ತು. ನಾವು ನಮ್ಮನ್ನೇ ಹೊರಗಿನಿಂದ ನೋಡಿ 'ಇಂಥವನು ಹೀಗೆ ನಡೆದುಕೊಳ್ಳುತ್ತಾನೆ' ಎಂದು ತೀರ್ಮಾನಿಸಿಕೊಳ್ಳುತ್ತೇವೆ ಎಂಬುದು ವಾದ. ಇದು ಕಂಪ್ಯೂಟರಿಗಿಂತ ಹಳೆಯ ವಿಚಾರ. ಅಮೆರಿಕದ ಫುಟ್‌ಬಾಲ್ ಮತ್ತು ಐಸ್ ಹಾಕಿಯಲ್ಲಿ ಕಪ್ಪು ಸಮವಸ್ತ್ರ ತೊಟ್ಟ ತಂಡಗಳು ಹೆಚ್ಚು ದಂಡ ತೆರುತ್ತವೆ ಎಂದು 1988ರಲ್ಲೇ ಫ್ರ್ಯಾಂಕ್ ಮತ್ತು ಗಿಲೊವಿಚ್ ತೋರಿಸಿದ್ದರು. ಅಲ್ಲಿ ನಿಮ್ಮ ಮಾತಿಗೂ ಅರ್ಧ ಪಾಲಿದೆ: ಕಪ್ಪು ತೊಟ್ಟವರನ್ನು ತೀರ್ಪುಗಾರರೂ ಹೆಚ್ಚು ಅನುಮಾನಿಸುತ್ತಾರೆ.

ಒಂದು ಎಚ್ಚರಿಕೆ. ದೆವ್ವ ಮೆಟ್ಟಿಕೊಂಡಂತೆ ಬದಲಾಗುತ್ತೇವೆ ಎಂದು ಯಾರೂ ಹೇಳಿಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪರಿಣಾಮ ಸಣ್ಣದರಿಂದ ಮಧ್ಯಮ ಎನ್ನುವಷ್ಟೇ. ಲೆಕ್ಕಿಗರಿಗಾಗಿ ಇನ್ನೊಂದು: ಮುಪ್ಪಾದ ತಮ್ಮದೇ ಮುಖವನ್ನು ಪರದೆಯಲ್ಲಿ ನೋಡಿದವರು ನಿವೃತ್ತಿಗೆಂದು ಹೆಚ್ಚು ಹಣ ಎತ್ತಿಟ್ಟರು ಎಂದು 2011ರ ಸಂಶೋಧನೆಯೊಂದು ಹೇಳುತ್ತದೆ. ನಿಮ್ಮ ಸಂಘದ ಠೇವಣಿ ಕೌಂಟರಿನಲ್ಲಿ ಅಂಥದ್ದೊಂದು ಕನ್ನಡಿ ಇಡಬಹುದು.

ಅರ್ಧ ಲೋಟ ಕಾಫಿ | 7:22

ನೇರ ಮಾತು ಅವರ ಪ್ರೊಫೈಲ್ ಚಿತ್ರ ಬಾಯ್ದೆರೆದ ಹುಲಿ. ಪ್ರೋಟಿಯಸ್ ಪರಿಣಾಮಕ್ಕೆ ಬೇರೆ ಸಾಕ್ಷಿ ಬೇಕೇ?

ನೇರ ಮಾತು | 7:40

ಮೊಲ ಇಟ್ಟುಕೊಂಡರೂ ಇದನ್ನೇ ಹೇಳುತ್ತೇನೆ.

ಅರ್ಧ ಲೋಟ ಕಾಫಿ | 7:41

ಇಟ್ಟು ತೋರಿಸಿ.

ಗೆಜ್ಜೆ ಕಟ್ಟಿದವ | 9:05

ನಾನು ಕುಂದಾಪುರದ ಕಡೆಯವನು. ಹೊಟ್ಟೆಪಾಡಿಗೆ ಬ್ಯಾಂಕು, ಉಳಿದಂತೆ ಯಕ್ಷಗಾನದ ಹವ್ಯಾಸಿ ವೇಷಧಾರಿ. ಹದಿನಾರು ವರ್ಷ ಸ್ತ್ರೀವೇಷವನ್ನೇ ಮಾಡಿದ್ದೇನೆ. ಆದ್ದರಿಂದ ಲೆಕ್ಕದ ಪುಸ್ತಕ ಅವರು ಹೇಳುವ 'ತಾನಾಗಿ ಬರುತ್ತದೆ' ಎನ್ನುವುದು ನನಗೆ ಗೊತ್ತು. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಕನ್ನಡಿ ಮುಂದೆ ಕೂತು ಹುಬ್ಬು ತೀಡುವವರೆಗೂ ನಾನು ನಾನೇ. ಸಾಲದ ಕಂತು, ಮಗಳ ಶುಲ್ಕ, ಎಲ್ಲ ತಲೆಯಲ್ಲಿರುತ್ತದೆ. ಸೀರೆ ಉಟ್ಟು, ಗೆಜ್ಜೆ ಕಟ್ಟಿ ಎದ್ದು ನಿಂತ ಮೇಲೆ ಹೆಜ್ಜೆಯೇ ಬೇರೆ. ನೀರು ಕೇಳುವ ದನಿಯೂ ಬೇರೆ. ನಮ್ಮ ಮೇಳದಲ್ಲಿ ಮಹಿಷಾಸುರ ಮಾಡುವವರೊಬ್ಬರಿದ್ದಾರೆ. ದಿನಸಿ ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಸಂಕೋಚಪಡುವ ಮನುಷ್ಯ. ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಆರ್ಭಟಿಸಿಕೊಂಡು ಬರುವಾಗ ಅವರ ಹೆಂಡತಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿದರೆ ಮತ್ತೆ ಅದೇ ಸಂಕೋಚ.

ಆದರೆ ನಮಗೂ ನಿಮಗೂ ಒಂದು ವ್ಯತ್ಯಾಸವಿದೆ. ನಮ್ಮ ಪ್ರೇಕ್ಷಕನಿಗೆ ಎಲ್ಲವೂ ಗೊತ್ತು. ದಮಯಂತಿ ಅತ್ತರೆ ಅವನೂ ಅಳುತ್ತಾನೆ. ಬೆಳಿಗ್ಗೆ ಚಹಾದಂಗಡಿಯಲ್ಲಿ ನಿದ್ದೆಗೆಟ್ಟ ನನ್ನ ಮುಖ ನೋಡಿ 'ದಮಯಂತಿ ಒಳ್ಳೆಯದಾಯಿತು ಮಾರಾಯರೇ' ಎನ್ನುತ್ತಾನೆ. ಅವನಿಗೂ ನನಗೂ ಒಂದು ಒಪ್ಪಂದವಿದೆ. ನಿಮ್ಮ ಹುಬ್ಬಳ್ಳಿಯ ಹುಡುಗನ ಜೊತೆ ಆ ಒಪ್ಪಂದ ಆಗಿಯೇ ಇಲ್ಲ. ತಾನು ಆಟ ನೋಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಅವನು ರಂಗಸ್ಥಳದ ಮಧ್ಯದಲ್ಲೇ ಕೂತಿದ್ದಾನೆ.

ಚೌಕಿಗೆ ಕರೆಯಿರಿ ಅವನನ್ನು. ಇಷ್ಟೇ ನನ್ನ ಮಾತು.

ಮ್ಯೂಟ್ ಮಾಡಿದವಳು | 10:20

ಇಷ್ಟು ಹೊತ್ತು ಗಂಡಸರೇ ಹೆಂಗಸಾಗುವ ಕಥೆ ಹೇಳಿದಿರಿ. ನಾನು ಹೆಂಗಸು, ನಾಲ್ಕು ವರ್ಷದಿಂದ ಗಂಡಸಿನ ಹೆಸರಿನಲ್ಲಿ ಗುಂಡು ಹಾರಿಸುವ ಆನ್‌ಲೈನ್ ಆಟ ಆಡುತ್ತೇನೆ. ನನಗೂ ಮೈಕ್ ಹಾಕಲಾಗುವುದಿಲ್ಲ, ಆದರೆ ಮಗು ಮಲಗಿದೆ ಎಂದಲ್ಲ. ಒಂದೇ ಒಂದು ಸಲ 'ಎಡಗಡೆ ಇದ್ದಾರೆ, ನೋಡಿ' ಎಂದೆ. ಮುಂದಿನ ಇಪ್ಪತ್ತು ನಿಮಿಷ ಏನೇನು ಕೇಳಿದೆ ಎಂಬುದನ್ನು ಇಲ್ಲಿ ಬರೆಯಲು ನಿರ್ವಾಹಕರು ಬಿಡುವುದಿಲ್ಲ. ಒಬ್ಬನಿಗೆ ನನ್ನ ಫೋನ್ ನಂಬರ್ ಬೇಕು, ಒಬ್ಬನಿಗೆ ನಾನು ಅಡುಗೆಮನೆಗೆ ಹೋಗಬೇಕು, ಉಳಿದ ಇಬ್ಬರಿಗೆ ಸೋಲಿಗೆ ನಾನೇ ಕಾರಣವಾಗಬೇಕು. ಮರುದಿನ ಹೆಸರು ಬದಲಾಯಿಸಿದೆ. ಅಂದಿನಿಂದ ಶಾಂತಿ.

ನನ್ನದು ವೇಷವಲ್ಲ, ಮಳೆಗೆ ಹಿಡಿದ ಕೊಡೆ. ಆದ್ದರಿಂದ 'ನಿಜ ರೂಪ ತೋರಿಸದವರೆಲ್ಲ ಮೋಸಗಾರರು' ಎನ್ನುವ ಮೊದಲು ಸ್ವಲ್ಪ ಯೋಚಿಸಿ. 2022ರ ಫೆಬ್ರುವರಿಯಲ್ಲಿ ಮೆಟಾ ಕಂಪನಿ ತನ್ನ ವಿ.ಆರ್. ಲೋಕದಲ್ಲಿ ಅವತಾರಗಳ (ಅಲ್ಲಿಗೆ ಬಂದವರ ಬೊಂಬೆರೂಪಗಳ) ನಡುವೆ ಸುಮಾರು 4 ಅಡಿ ಅಂತರ ಇರುವಂತೆ ಮಾಡಿತು. ಅಲ್ಲಿಯೂ ಹೆಂಗಸರ ಮೈಮೇಲೆ ಬೀಳುತ್ತಾರೆ ಎಂಬ ದೂರು ಬಂದ ಮೇಲೆ. ಆ ಅವತಾರಗಳಿಗೆ ಆಗ ಕಾಲುಗಳೇ ಇರಲಿಲ್ಲ, ಸೊಂಟದಿಂದ ಮೇಲೆ ತೇಲುತ್ತಿದ್ದವು. ಕಾಲಿಲ್ಲದಿದ್ದರೂ ಕೈ ಇತ್ತು ನೋಡಿ.

ಲೆಕ್ಕಿಗರಿಗೆ ಒಂದು ಪ್ರಶ್ನೆ: ಐದು ವರ್ಷ ಹೆಂಗಸಾಗಿದ್ದಿರಲ್ಲ, ನಿಮಗೇನೂ ಬರಲಿಲ್ಲವೇ?

ಲೆಕ್ಕದ ಪುಸ್ತಕ | 10:52

ಬಂದಿತು ಮೇಡಂ. ಮೊದಲ ತಿಂಗಳು ಕೇಳದೆಯೇ ಚಿನ್ನ, ಕುದುರೆ, ಉಡುಗೊರೆ. ಗಂಡು ಪಾತ್ರದವರಿಗೆ ಯಾರೂ ಒಂದು ಔಷಧಿ ಸೀಸೆಯನ್ನೂ ಕೊಡುತ್ತಿರಲಿಲ್ಲ. ನನಗೆ ಖುಷಿಯೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಎರಡನೇ ತಿಂಗಳು ಕುದುರೆ ಕೊಟ್ಟವನು ಫೋಟೋ ಕೇಳಿದ. ಕೊಡುವುದಿಲ್ಲ ಎಂದಾಗ ಬೈದ. ಒಂದು ವಾರ ಅವನು ಆನ್‌ಲೈನ್ ಇರುವ ಹೊತ್ತು ನೋಡಿಕೊಂಡು ನಾನು ಒಳಗೆ ಹೋಗುತ್ತಿರಲಿಲ್ಲ. 38 ವರ್ಷದ ಗಂಡಸು, ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು ಹೆದರಿದ್ದೆ. ನನಗೆ ಅದನ್ನು ಬಂದ್ ಮಾಡಿ ಮಲಗುವ ಅನುಕೂಲವಿತ್ತು. ಮಾರನೆಯ ದಿನ ಕಚೇರಿಯಲ್ಲಿ ಕೌಂಟರಿನ ಹುಡುಗಿಗೆ ಏರುದನಿಯಲ್ಲಿ ಮಾತನಾಡಿದ ಗ್ರಾಹಕನನ್ನು ಹೊರಗೆ ಕಳಿಸಿದೆ. ಹಿಂದೆ ಆಗಿದ್ದರೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಮ್ಯೂಟ್ ಮಾಡಿದವಳು | 10:55

ಹಾಗಾದರೆ ಆ ಕುದುರೆ ವ್ಯರ್ಥವಾಗಲಿಲ್ಲ.

ಹಳೇ ಮೋಡೆಮ್ | 12:30

ಇದು ಹೊಸ ಸಂಕಟವಲ್ಲ. 1980ರ ದಶಕದಲ್ಲಿ, ಚಿತ್ರವೇ ಇಲ್ಲದ, ಬರೀ ಅಕ್ಷರಗಳ ಕಾಲದಲ್ಲಿ, ಅಮೆರಿಕದ ಕಂಪ್ಯುಸರ್ವ್ ಎಂಬ ಜಾಲದಲ್ಲಿ ಜೋನ್ ಎಂಬ ಹೆಂಗಸು ಪ್ರಸಿದ್ಧಳಾಗಿದ್ದಳು. ಅಪಘಾತದಲ್ಲಿ ಅಂಗವಿಕಲೆಯಾದವಳು ಎಂದು ಹೇಳಿಕೊಂಡಿದ್ದಳು. ಎಷ್ಟೋ ಹೆಂಗಸರು ಅವಳಲ್ಲಿ ಗುಟ್ಟು ಹೇಳಿಕೊಂಡರು, ಅವಳಿಂದ ಧೈರ್ಯ ಪಡೆದರು. ಕೊನೆಗೆ ಗೊತ್ತಾದದ್ದು, ಜೋನ್ ಎಂಬವಳು ನ್ಯೂಯಾರ್ಕಿನ ಒಬ್ಬ ಗಂಡಸು, ಅದೂ ಮನೋವೈದ್ಯ. 1985ರಲ್ಲಿ ಅಲ್ಲಿನ ಮಹಿಳಾ ಪತ್ರಿಕೆಯೊಂದು ಈ ಕಥೆಯನ್ನು ಬಯಲಿಗೆ ತಂದಿತು. ಸಿಟ್ಟಾದವರು ಬಹಳ. ಜೊತೆಗೆ, ಗೆಳತಿಯೊಬ್ಬಳು ಸತ್ತಂತೆ ದುಃಖಪಟ್ಟವರೂ ಇದ್ದರು. ಹುಟ್ಟೇ ಇಲ್ಲದವಳಿಗೆ ಶೋಕ!

ಇನ್ನೊಂದು 1993ರದು. ಲ್ಯಾಂಬ್ಡಾಮೂ ಎಂಬ ಅಕ್ಷರಲೋಕದಲ್ಲಿ ಬಂಗಲ್ ಎಂಬ ಪಾತ್ರಧಾರಿಯೊಬ್ಬ ಒಂದು ಮಾಟದ ಬೊಂಬೆಯಂಥ ತಂತ್ರಾಂಶ ಬಳಸಿ, ಬೇರೆಯವರ ಪಾತ್ರಗಳು ಅಸಹ್ಯವಾದದ್ದನ್ನು ಮಾಡಿದಂತೆ ಎಲ್ಲರ ಪರದೆಯಲ್ಲಿ ಬರೆಸಿದ. ಮೈಗೆ ಯಾರೂ ಕೈ ಹಚ್ಚಿರಲಿಲ್ಲ, ಆದರೂ ಆ ಪಾತ್ರಗಳ ಹಿಂದಿದ್ದವರು ಕೂತಲ್ಲೇ ಅತ್ತರು. ಊರ ಪಂಚಾಯಿತಿಯಂತೆ ಸಭೆ ಸೇರಿ ಗಂಟೆಗಟ್ಟಲೆ ವಾದಿಸಿದರು, ತೀರ್ಮಾನ ಮಾತ್ರ ಆಗಲಿಲ್ಲ. ಕೊನೆಗೆ ಮೇಲ್ವಿಚಾರಕನೊಬ್ಬ ತಾನೇ ಮುಂದಾಗಿ ಬಂಗಲ್‌ನನ್ನು ಅಳಿಸಿಹಾಕಿದ. ಪಾತ್ರಕ್ಕೆ ಆದದ್ದು ನನಗೇ ಆದದ್ದು ಎಂದು ಅವತ್ತು ಅವರಿಗೆ ಅನಿಸಿತಲ್ಲ, ಇವತ್ತು ಹುಬ್ಬಳ್ಳಿಯ ಹುಡುಗನಿಗೂ ಹಾಗೆಯೇ ಅನಿಸೀತು. ಪಾತ್ರಕ್ಕೆ ಸಿಕ್ಕ ಅಕ್ಕ ಅವನಿಗೇ ಸಿಕ್ಕ ಅಕ್ಕ.

ಅಂದ ಹಾಗೆ 'ಅವತಾರ' ಎಂಬ ನಮ್ಮ ಪದವನ್ನು ಕಂಪ್ಯೂಟರಿಗೆ ತಂದದ್ದು 1992ರ ಒಂದು ಇಂಗ್ಲಿಷ್ ಕಾದಂಬರಿ.

ಶಬ್ದಮಣಿ | 12:47

ತಿದ್ದುಪಡಿ. ಕಾದಂಬರಿ ಅದನ್ನು ಮನೆಮಾತಾಗಿಸಿತು, ತಂದದ್ದಲ್ಲ. 1985ರಲ್ಲೇ 'ಅಲ್ಟಿಮಾ' ಸರಣಿಯ ನಾಲ್ಕನೇ ಆಟದ ಹೆಸರಿನಲ್ಲಿ ಅವತಾರವಿತ್ತು. ಅದೇ ಹೊತ್ತಿಗೆ ಲ್ಯೂಕಾಸ್‌ಫಿಲ್ಮ್‌ನ ಮಾರ್ನಿಂಗ್‌ಸ್ಟಾರ್ ಮತ್ತು ಫಾರ್ಮರ್ 'ಹ್ಯಾಬಿಟಾಟ್' ಎಂಬ ಲೋಕದಲ್ಲಿ ಪರದೆಯ ಮೇಲಿನ ಬೊಂಬೆಗೆ ಇದೇ ಪದ ಬಳಸಿದರು. ಹ್ಯಾಬಿಟಾಟ್ ಆಡುತ್ತಿದ್ದದ್ದು ಕಮೋಡೋರ್ 64 ಎಂಬ ಪುಟ್ಟ ಯಂತ್ರದ ಮೇಲೆ.

ಇನ್ನೊಂದು ತಕರಾರು. ಅವತಾರ ಎಂದರೆ ಇಳಿದು ಬರುವುದು. ವಿಷ್ಣು ವೈಕುಂಠದಿಂದ ಕೆಳಗಿಳಿದರೆ ಅವತಾರ. ಪ್ಲಾಸ್ಟಿಕ್ ಕುರ್ಚಿಯಿಂದ ಮೇಲೇರಿ ಕವಚ ತೊಟ್ಟ ವೀರನಾಗುವುದಕ್ಕೆ ಬೇರೆ ಪದ ಬೇಕು.

ಅರ್ಧ ಲೋಟ ಕಾಫಿ | 12:50

ನಮ್ಮ ಅಮ್ಮ ಈ ಪದವನ್ನು ಸರಿಯಾಗಿ ಬಳಸುತ್ತಾರೆ. ಭಾನುವಾರ ಸ್ನಾನ ಮಾಡದೆ ಲುಂಗಿಯಲ್ಲಿ ಹೊರಗೆ ಬಂದರೆ 'ಏನಿದು ನಿನ್ನ ಅವತಾರ' ಎನ್ನುತ್ತಾರೆ.

ಇಬ್ಬರ ತಂದೆ | 13:35

ವಿಷಯಾಂತರಕ್ಕೆ ಕ್ಷಮಿಸಿ. ನನ್ನ ಮಗನಿಗೆ ಯುಗಾದಿಗೆ ಹೊಸ ಅಂಗಿ ಬೇಡವಂತೆ. ಆ ಹಣದಲ್ಲಿ ಆಟದ ಪಾತ್ರಕ್ಕೆ 1,800 ರೂಪಾಯಿಯ ಸ್ಕಿನ್, ಅಂದರೆ ಹೊಸ ಉಡುಪು, ಕೊಳ್ಳುತ್ತಾನಂತೆ. ಅದು ಗುಂಡು ತಡೆಯುತ್ತದೆಯೇ ಎಂದೆ. ಇಲ್ಲ. ಬೇಗ ಓಡುತ್ತದೆಯೇ? ಅದೂ ಇಲ್ಲ. ಮತ್ತೆ ಏಕಪ್ಪಾ ಎಂದರೆ, 'ಶಾಲೆಯಲ್ಲಿ ಎಲ್ಲರೂ ನನ್ನನ್ನು ನೋಡುವುದು ಅಲ್ಲೇ' ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ತುಂಗಾ ಸೇತುವೆ | 13:41

2020ರಲ್ಲಿ ಪಬ್‌ಜಿ ನಿಷೇಧವಾದಾಗ ನನ್ನ ಅಳಿಯ ಮೂರು ದಿನ ಸೂತಕದ ಮನೆಯಂತೆ ಕೂತಿದ್ದ. ಕವಚ, ಟೋಪಿ, ಗಳಿಸಿದ ಹೆಸರು ಎಲ್ಲ ಒಂದೇ ಸಲಕ್ಕೆ ಹೋಯಿತು ಎಂದು. ಆಗ ನಕ್ಕಿದ್ದೆ.

ನಿರ್ವಾಹಕ | 13:50

ಸ್ಕಿನ್ ವಿಚಾರಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಸೀರೆಯ ಬಗ್ಗೆ ಮಾತ್ರ.

ತಡೆದು ತಡೆದು | 16:10

ನನಗೆ ಚಿಕ್ಕಂದಿನಿಂದ ಉಗ್ಗು. ಫೋನ್ ಎತ್ತಿದರೆ ನನ್ನ ಹೆಸರು ಹೇಳುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಡುತ್ತಾರೆ. ಆಟದಲ್ಲಿ ಮೂರು ವರ್ಷ ತಂಡದ ನಾಯಕನಾಗಿದ್ದೆ. ಯುದ್ಧದ ಯೋಜನೆಯೆಲ್ಲ ನಾನೇ ಬರೆದು ಕೊಡುತ್ತಿದ್ದೆ, ಇಪ್ಪತ್ತು ಜನ ಕೇಳುತ್ತಿದ್ದರು. ನನ್ನ ಬರಹದಲ್ಲಿ ಉಗ್ಗು ಇಲ್ಲ. ಒಂದು ದಿನ ಇನ್ನು ಮುಂದೆ ಎಲ್ಲರೂ ವಾಯ್ಸ್ ಚಾಟ್‌ಗೆ ಬರಬೇಕು ಎಂದು ತೀರ್ಮಾನವಾಯಿತು. ನಾನು ತಂಡ ಬಿಟ್ಟೆ. ಕಾರಣ ಹೇಳಲಿಲ್ಲ. ನೇರ ಮಾತು ಅವರ ಲೆಕ್ಕದಲ್ಲಿ ನಾನೂ ಮೋಸಗಾರ, ಉಗ್ಗನ್ನು ಮುಚ್ಚಿಟ್ಟಿದ್ದೆ. ನನ್ನ ಲೆಕ್ಕದಲ್ಲಿ ಅಲ್ಲಿದ್ದವನೇ ನಾನು, ಉಗ್ಗೇ ಹೊರಗಿನಿಂದ ಹೇರಿದ ವೇಷ.

ನಾರ್ವೆಯ ಮಾಟ್ಸ್ ಸ್ಟೀನ್ ಬಗ್ಗೆ ಓದಿರಬಹುದು. ಸ್ನಾಯು ಸವೆಯುವ ಕಾಯಿಲೆ, ಗಾಲಿಕುರ್ಚಿ. 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಹೋದ ಎಂದು ತಂದೆತಾಯಿ ಕೊರಗುತ್ತಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದಾಗ ಬೇರೆ ಬೇರೆ ದೇಶಗಳಿಂದ ಪತ್ರಗಳು ಬಂದವು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಅವನು ಇಬೆಲಿನ್ ಎಂಬ ಗಟ್ಟಿಮುಟ್ಟಾದ ಪತ್ತೇದಾರ, ಹಲವರ ಕಷ್ಟಕ್ಕೆ ಕಿವಿಯಾಗಿದ್ದವನು. ಅಂತ್ಯಕ್ರಿಯೆಗೆ ಆಟದ ಗೆಳೆಯರು ಬಂದಿದ್ದರು. ತನ್ನ ಕಾಯಿಲೆಯ ವಿಷಯವನ್ನು ಅವನೂ ಅವರಿಗೆ ಬಹುಕಾಲ ಹೇಳಿರಲಿಲ್ಲ. ಅವನನ್ನು ಏನೆನ್ನುತ್ತೀರಿ?

ನೇರ ಮಾತು | 16:48

ನಿಮ್ಮನ್ನೂ ಅವನನ್ನೂ ಮೋಸಗಾರ ಎನ್ನುವಷ್ಟು ಕಲ್ಲಲ್ಲ ನಾನು. ನೀವಿಬ್ಬರೂ ಹೇಳದೆ ಉಳಿಸಿಕೊಂಡಿರಿ. ಇವರು ಇಲ್ಲದ್ದನ್ನು ಹೇಳಿದರು. ಹೇಳದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಒಂದು ಗೆರೆ ಇದೆ ಎಂಬುದಷ್ಟೇ ನನ್ನ ಹಟ. ಮ್ಯೂಟ್ ಮಾಡಿದವಳು ಅವರಿಗೂ ಇದೇ ಮಾತು, ಕೊಡೆ ಹಿಡಿಯುವುದು ನಿಮ್ಮ ಹಕ್ಕು.

ಮ್ಯೂಟ್ ಮಾಡಿದವಳು | 16:55

ಗಂಡಸಿನ ಹೆಸರು ಇಟ್ಟುಕೊಂಡದ್ದು ನಿಮ್ಮ ಗೆರೆಯ ಯಾವ ಕಡೆಗೆ ಬೀಳುತ್ತದೆ ಎಂದು ಕೇಳುವುದಿಲ್ಲ, ಹೋಗಲಿ ಬಿಡಿ. ಅಂದ ಹಾಗೆ ನಿಮ್ಮ ಚಿತ್ರ ಮೊಲವಾಗಿದೆ.

ನೇರ ಮಾತು | 16:57

ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೂರನೇ ಪ್ಲಾಟ್‌ಫಾರ್ಮ್ | 17:20

ಎಲ್ಲರೂ ಇಷ್ಟು ಮರುಗುತ್ತಿದ್ದೀರಿ, ಒಂದು ಮಾತು ಕೇಳುತ್ತೇನೆ. ಈ ಲೆಕ್ಕದ ಪುಸ್ತಕ ಎಂಬವರು ನಿಜಕ್ಕೂ ಲೆಕ್ಕಿಗರೇ? ಶಿವಮೊಗ್ಗದವರೇ? ಮೀಸೆ ಇದೆಯೇ? ಗೆಜ್ಜೆ ಕಟ್ಟಿದವರು ಗೆಜ್ಜೆ ಕಟ್ಟಿದ್ದನ್ನು ನೋಡಿದವರು ಯಾರು? ನಾನಂತೂ ರೈಲ್ವೆಯವನಲ್ಲ.

ಗದುಗಿನ ದಾರಿ | 18:05

ನೋಡದೆಯೂ ಇಷ್ಟು ಹೊತ್ತು ಜಗಳವಾಡಿದ್ದೇವಲ್ಲ, ಅದು ನಿಜವೇ ತಾನೇ.

ನನಗೆ ಮೊದಲು ನೆನಪಾದದ್ದು ಪರಕಾಯ ಪ್ರವೇಶ. ಶಂಕರಾಚಾರ್ಯರು ತಮ್ಮೊಡನೆ ವಾದಕ್ಕಿಳಿದ ಉಭಯಭಾರತಿ ಎಂಬ ವಿದುಷಿಯ ಕಾಮಶಾಸ್ತ್ರದ ಪ್ರಶ್ನೆಗೆ ಉತ್ತರ ಕಲಿಯಲು ಸತ್ತ ಅಮರುಕ ರಾಜನ ದೇಹ ಹೊಕ್ಕ ಕಥೆ ಗೊತ್ತಲ್ಲ. ಕೊನೆಗೆ ಶಿಷ್ಯರೇ ಅರಮನೆಗೆ ಬಂದು ಅವರು ಯಾರೆಂಬುದನ್ನು ನೆನಪಿಸಬೇಕಾಯಿತು. ಸನ್ಯಾಸಿಯನ್ನೇ ರಾಜನ ಮೈ ಎಳೆದುಕೊಂಡಿತು ಎಂದು ಕಥೆ ಕಟ್ಟಿದವರಿಗೆ ಸ್ಟ್ಯಾನ್‌ಫರ್ಡ್ ಬೇಕಾಗಿರಲಿಲ್ಲ.

ಆದರೆ ಲೆಕ್ಕಿಗರಿಗೆ ಬೇಕಾದದ್ದು ವಿರಾಟಪರ್ವ. ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ. ಅಜ್ಞಾತವಾಸ ಮುಗಿಯಿತು, ವೇಷ ಕಳಚಿತು, ಇವನು ಗಾಂಡೀವಿ ಎಂದು ಗೊತ್ತಾಯಿತು. ಸಂತೋಷದಲ್ಲಿ ವಿರಾಟ ಮಗಳನ್ನೇ ಕೊಡುತ್ತೇನೆ ಎಂದ. ಆಗ ಅರ್ಜುನ ಏನೆಂದ? ನಾನು ಇವಳಿಗೆ ಗುರುವಾಗಿದ್ದವನು, ನನ್ನನ್ನು ತಂದೆಯಂತೆ ನಂಬಿದ್ದಾಳೆ, ಸೊಸೆಯಾಗಿ ತಂದುಕೊಳ್ಳುತ್ತೇನೆ ಎಂದು ಅಭಿಮನ್ಯುವಿಗೆ ತಂದುಕೊಂಡ. ಹೆಸರು ಸುಳ್ಳು, ಉಡುಗೆ ಸುಳ್ಳು, ಬೃಹನ್ನಳೆ ಎಂಬವಳೇ ಸುಳ್ಳು. ಆ ಸುಳ್ಳು ವೇಷದಲ್ಲಿ ಬೆಳೆದ ಸಂಬಂಧವನ್ನು ಮಾತ್ರ ವೇಷ ಕಳಚಿದ ಮೇಲೂ ಅವನು ಸುಳ್ಳು ಎನ್ನಲಿಲ್ಲ. ಅದಕ್ಕೆ ತಕ್ಕಂತೆಯೇ ನಡೆದುಕೊಂಡ.

ಶಬ್ದಮಣಿ | 18:20

ಬೃಹನ್ನಳೆಯದು ಬರೀ ವೇಷವಲ್ಲ, ಊರ್ವಶಿಯ ಶಾಪ. ಉಳಿದದ್ದಕ್ಕೆ ತಕರಾರಿಲ್ಲ.

ಗೆಜ್ಜೆ ಕಟ್ಟಿದವ | 18:31

ಬೃಹನ್ನಳೆ ಮೂರು ಸಲ ಮಾಡಿದ್ದೇನೆ. ಈ ಕೋನ ಹೊಳೆದಿರಲಿಲ್ಲ. ಮುಂದಿನ ಸಲ ಅರ್ಥಗಾರಿಕೆಗೆ ಕದಿಯುತ್ತೇನೆ, ಅನುಮತಿ ಕೊಡಿ.

ನೇರ ಮಾತು | 18:44

ಆದರೂ ಅರ್ಜುನ ಕೊನೆಗೆ ತಾನು ಯಾರೆಂದು ಹೇಳಿದ. ಅದನ್ನು ಬಿಟ್ಟು ಉದಾಹರಣೆ ಕೊಡಬೇಡಿ.

ಲೆಕ್ಕದ ಪುಸ್ತಕ | ಶುಕ್ರವಾರ, ರಾತ್ರಿ 10:15

ಹೇಳಿದೆ.

ಸೋಮವಾರ ರಾತ್ರಿ ಆಟಕ್ಕೆ ಹೋದೆ. ಹುಡುಗ ಇದ್ದ. ಬರೆದು ಹೇಳೋಣ ಎಂದು ಎರಡು ಸಲ ಶುರು ಮಾಡಿ ಅಳಿಸಿದೆ. ಕೊನೆಗೆ ಐದು ವರ್ಷದಲ್ಲಿ ಮೊದಲ ಸಲ ಮೈಕ್ ಹಾಕಿದೆ. 'ತಮ್ಮಾ, ನಾನು' ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, ಬಹಳ ಮರ್ಯಾದೆಯಿಂದ 'ನಮಸ್ಕಾರ ಭಾವ, ಅಕ್ಕ ಇಲ್ಲವೇ?' ಎಂದ.

ಮುಂದಿನದನ್ನು ಹೇಗೆ ಹೇಳಿದೆ ಎಂದು ನನಗೇ ಸರಿಯಾಗಿ ನೆನಪಿಲ್ಲ. 'ಮಗು ಮಲಗಿದೆ' ಎಂದದ್ದನ್ನೂ ಹೇಳಿದೆ, ನೇರ ಮಾತು ಅವರೇ. ಅವನು ಒಂದೇ ಪ್ರಶ್ನೆ ಕೇಳಿದ: 'ಆ ರಾತ್ರಿ ನನ್ನ ಜೊತೆ ಕೂತದ್ದು ಯಾರು?' ನಾನೇ ಎಂದೆ. ಅವನ ಹೆಸರಿನ ಮುಂದಿದ್ದ ಹಸಿರು ಚುಕ್ಕೆ ಆರಿಹೋಯಿತು.

ಮಂಗಳವಾರ ಗಿಲ್ಡ್‌ನವರಿಗೂ ಬರೆದೆ. ಇಬ್ಬರು ಬಿಟ್ಟುಹೋದರು. ಒಬ್ಬ ಹಳೆಯ ಕುದುರೆಗಳ ಹಣ ವಾಪಸ್ ಕೇಳಿದ, ಅರ್ಧ ತಮಾಷೆಗೆ. ಒಬ್ಬಳು ಮಾತ್ರ 'ನನಗೆ ಮೂರು ವರ್ಷದಿಂದ ಅನುಮಾನವಿತ್ತು, ಯಾವ ತಾಯಿಯೂ ಮಗು ಐದು ವರ್ಷ ಮಲಗಿದೆ ಎನ್ನುವುದಿಲ್ಲ' ಎಂದು ಬರೆದಳು.

ಹುಡುಗ ಮೂರು ದಿನ ಬರಲಿಲ್ಲ. ಇವತ್ತು ಸಂಜೆ ಸಂದೇಶ ಬಂತು: 'ಸೀರೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ವಿಳಾಸ ಕಳಿಸಿ. ಆಟದಲ್ಲಿ ಅಕ್ಕ ಎಂದೇ ಕರೆಯುತ್ತೇನೆ, ಅಲ್ಲಿ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಹೊರಗೆ ಏನೆನ್ನಬೇಕೋ ಗೊತ್ತಿಲ್ಲ, ಸದ್ಯಕ್ಕೆ ಫೋನ್ ಮಾಡಬೇಡಿ.' ಸಿಟ್ಟು ಹೋಗಿಲ್ಲ ಎಂದು ಕಾಣುತ್ತದೆ. ಹೋಗಬೇಕೆಂದು ನಾನು ಕೇಳುವಂತೆಯೂ ಇಲ್ಲ.

ಮನೆಯಲ್ಲಿಯೂ ಹೇಳಬೇಕಾಯಿತು, ಸೀರೆ ಬರುವ ಮೊದಲು. ಹೆಂಡತಿ ಪೂರ್ತಿ ಕೇಳಿ, 'ಅಲ್ಲಿ ಎಲ್ಲರನ್ನೂ ಊಟವಾಯಿತೇ ಎಂದು ಕೇಳುತ್ತೀರಾ?' ಎಂದಳು. ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬ್ಲೌಸ್ ಪೀಸ್ ಇದೆಯೋ ಕೇಳಿ' ಎಂದು ಒಳಗೆ ಹೋದಳು. ಅವತ್ತಿನಿಂದ ಊಟದ ಹೊತ್ತಿಗೆ ನಾನು ಅವಳನ್ನು ಕೇಳುತ್ತಿದ್ದೇನೆ. ಇನ್ನೂ ಅಭ್ಯಾಸವಾಗಿಲ್ಲ, ಇಬ್ಬರಿಗೂ.

ತಡೆದು ತಡೆದು | 10:31

ನೀವು ಮೈಕ್ ಹಾಕಿದಿರಿ ಎಂದು ಓದಿ ನನ್ನ ಕೈ ಬೆವರಿತು.

ನೇರ ಮಾತು | 10:40

ಸರಿ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹುಡುಗನಿಗೆ ಸಮಯ ಕೊಡಿ.

ಅರ್ಧ ಲೋಟ ಕಾಫಿ | 10:42

ಮೊಲ ಮಾತನಾಡಿತು. ಲೆಕ್ಕಿಗರೇ, ಮೊದಲ ದಿನದಿಂದ ಕೇಳುತ್ತಿದ್ದೇನೆ, ಬಣ್ಣ?

ಲೆಕ್ಕದ ಪುಸ್ತಕ | 10:50

ಫೋಟೋ ಕಳಿಸಿದ್ದಾನೆ. ಗಿರಿ ಕುಂಕುಮ ಎಂದು ಬರೆದಿದ್ದಾನೆ, ಅಂಚಿಗೆ ಗೋಮಿ ಎಂಬ ವಿನ್ಯಾಸದ ದಡಿಯಂತೆ. ನನಗೆ ಕೆಂಪು ಎಂದಷ್ಟೇ ಕಾಣುತ್ತದೆ.

ಬಾಗಲಕೋಟೆ ಬಿಸಿಲು | 11:02

ಈ ಚರ್ಚೆಯಲ್ಲಿ ಇದೇ ನನ್ನ ಮೊದಲ ಮಾತು. ಬರೀ ಕೆಂಪು ಎನ್ನಬೇಡಿ, ನೇಯ್ದವರು ಬೇಸರಪಟ್ಟಾರು. ಸೆರಗಿನಲ್ಲಿ ತೋಪ್ ತೆನಿ ವಿನ್ಯಾಸ ಇದೆಯೋ ನೋಡಿ. ಮೊದಲ ಸಲ ಬೇರೆ ಬಟ್ಟೆಯ ಜೊತೆ ನೆನೆಸಬೇಡಿ, ಬಣ್ಣ ಬಿಡುತ್ತದೆ.